ಅವ್ವನ ಮರೆವು ಮಗಳಿಗೂ ಬರುತ್ತದೆಯೇ?

ಗಜೇಂದ್ರಗಡದ ಸಹೋದರಿಗೆ,

ರೋಣದಲ್ಲಿರುವ ನಿಮ್ಮ ಅವ್ವನಿಗೆ ಎಪ್ಪತ್ತು ದಾಟಿದ ಮೇಲೆ ಅಲ್ಝೈಮರ್ ಬಂದಿದೆ. ನರಗುಂದದ ಅಣ್ಣನಿಗಿಂತ ನನಗೇ ಅಪಾಯ ಹೆಚ್ಚೇ, ಜೀನ್ ಪರೀಕ್ಷೆ ಮಾಡಿಸಲೇ ಎಂದು ಕೇಳಿದ್ದೀರಿ. ಪರೀಕ್ಷೆ ಬೇಡ. ಕಾರಣ ಹೇಳುತ್ತೇನೆ.

ಎಪಿಒಇ ಜೀನಿನ ಇ4 ರೂಪ ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ. ಅವ್ವನಲ್ಲಿ ಅದರ ಒಂದು ಪ್ರತಿ ಇದ್ದರೆ ನಿಮಗೂ ಅಣ್ಣನಿಗೂ ಅದು ಬರುವ ಸಾಧ್ಯತೆ ಸಮ, ಅರ್ಧಕ್ಕರ್ಧ. ವ್ಯತ್ಯಾಸ ಕಾಣುವುದು ಆಮೇಲೆ. ಒಂದು ಪ್ರತಿ ಹೊತ್ತವರಲ್ಲಿ 65ರಿಂದ 75ರ ವಯಸ್ಸಿನ ಹೆಂಗಸರಿಗೆ ಅದೇ ವಯಸ್ಸಿನ ಗಂಡಸರಿಗಿಂತ ಅಪಾಯ ಹೆಚ್ಚು. ಮಿದುಳಿನ ನರಕೋಶಗಳಲ್ಲಿ ಗಂಟುಕಟ್ಟುವ ಟೌ ಪ್ರೋಟೀನ್ ಕೂಡ ಹೆಂಗಸರಲ್ಲೇ ಹೆಚ್ಚಾಗಿ ಕಂಡಿದೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯುವುದೂ ಒಂದು ಕಾರಣವಿರಬಹುದೆಂಬ ಶಂಕೆಯಿದೆ. ಆದರೂ ಇ4 ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ.

ಪಿ-ಟೌ217 ಎಂಬ ರಕ್ತಪರೀಕ್ಷೆಯ ಜಾಹೀರಾತು ನೋಡಿ ಮರುಳಾಗಬೇಡಿ. ಅದು ಮರೆವಿನ ಲಕ್ಷಣ ಇರುವವರಿಗೆ. ಕಿಡ್ನಿ ದುರ್ಬಲವಾಗಿದ್ದರೂ ಅದರ ಅಂಕಿ ಏರುತ್ತದೆ.

ಈ ಪರೀಕ್ಷೆಗಳ ದುಡ್ಡಿನಲ್ಲಿ ಬಿ.ಪಿ., ಶುಗರ್, ಕೊಲೆಸ್ಟರಾಲ್ ನೋಡಿಸಿ, ಕಿವಿಯನ್ನೂ. ಕಿವಿ ಮಂದವಾದರೆ ವಯಸ್ಸಾಯಿತೆಂದು ಸುಮ್ಮನಾಗುವುದು ನಮ್ಮ ಕಡೆಯ ರೂಢಿ, ಕೆಟ್ಟ ರೂಢಿ. ಇಂಥ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಸುಮಾರು 45% ಡಿಮೆನ್ಶಿಯಾವನ್ನು (ಅಲ್ಝೈಮರ್‌ನಂಥ ಮರೆವಿನ ಕಾಯಿಲೆಗಳನ್ನು) ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಪತ್ರಿಕೆಯ 2024ರ ಆಯೋಗ ಅಂದಾಜಿಸಿದೆ.

ಅವ್ವನಿಗೆ ಬಿ12, ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ, ವರದಿಯೊಂದಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಅಣ್ಣನನ್ನೂ ಜೊತೆಗೆ ಕರೆದುಕೊಳ್ಳಿ. ಆರೈಕೆಯ ಹೊರೆ ನಿಮ್ಮೊಬ್ಬರದೇ ಆಗಬಾರದು.