ಜಾವಾನೋ, ಯೆಜ್ಡಿನೋ? ರಾಯಬಾಗದಲ್ಲಿ ನಾವು ಕಲಿತ ಹಳೆ ಗಾಡಿ ಪಾಠ

ಹೋದ ದೀಪಾವಳಿ ರಜೆಯಲ್ಲಿ ನಾವು ನಾಲ್ಕು ಜನ ರಾಯಬಾಗದಲ್ಲಿ ಎರಡು ಹಳೆ ಬೈಕುಗಳ ನಡುವೆ ಸಿಕ್ಕಿಹಾಕಿಕೊಂಡ್ವಿ. ಒಂದು 1972ರ ಜಾವಾ 250, ಇನ್ನೊಂದು 1984ರ ಯೆಜ್ಡಿ 250. ದೂರದಿಂದ ನೋಡಿದ್ರೆ ಅಣ್ಣ ತಮ್ಮ ಇದ್ದ ಹಾಗೆ. ಎರಡಕ್ಕೂ ಎರಡೆರಡು ಸೈಲೆನ್ಸರ್, ಎರಡಕ್ಕೂ ಚೈನ್ ಪೂರ್ತಿ ಮುಚ್ಚಿದ ಕೇಸ್, ಎರಡರಲ್ಲೂ ಕಿಕ್ಕರ್ ಮತ್ತು ಗಿಯರ್ ಲಿವರ್ ಒಂದೇ. ಯಾವುದನ್ನ ತಗೋಬೇಕು ಅನ್ನೋದನ್ನ ತೀರ್ಮಾನ ಮಾಡೋಕೆ ನಮಗೆ ಒಂಬತ್ತು ದಿನ ಬೇಕಾಯ್ತು. ಆ ಒಂಬತ್ತು ದಿನದಲ್ಲಿ ಕಲಿತಿದ್ದನ್ನ ಇಲ್ಲಿ ಬರೀತಿದ್ದೇವೆ. ನಾವೆಲ್ಲ ಇಂಗ್ಲಿಷ್ ಮೀಡಿಯಮ್, ಆದ್ದರಿಂದ ಕನ್ನಡದಲ್ಲಿ ತಪ್ಪು ಕಂಡ್ರೆ ಕ್ಲಬ್‌ನವರು ಬೈಯ್ಯಲಿ, ಗಾಡಿ ವಿಷಯದಲ್ಲಿ ತಪ್ಪು ಕಂಡ್ರೆ ಮೆಕ್ಯಾನಿಕಲ್‌ನವರು ಬೈಯ್ಯಲಿ.

ಮೊದಲು ದುಡ್ಡಿನ ವಿಷಯ ಹೇಳಿಬಿಡ್ತೀವಿ. ಒಟ್ಟು 80,000 ಇತ್ತು. ಅದರಲ್ಲಿ ನಮ್ಮದು ತಲಾ ಐದು ಸಾವಿರ. ಉಳಿದ 60,000 ನಮ್ಮಲ್ಲೊಬ್ಬನ ಅಜ್ಜನದು, ದೀಪಾವಳಿ ಮುಂದೆ ಬಂದ ಕಬ್ಬಿನ ಬಿಲ್ಲಿನ ಕಡೇ ಕಂತು. ಅಜ್ಜ ಒಂದು ಕಾಲದಲ್ಲಿ ಜಾವಾ ಓಡಿಸಿದವರು. 1991ರಲ್ಲಿ ಮಗಳ ಮದುವೆಗೆ ಅದನ್ನ ಮಾರಿದ್ರಂತೆ. "ನನಗ ಓಡಸಾಕ ಆಗೂದಿಲ್ಲ, ಸಪ್ಪಳಾದ್ರೂ ಕೇಳ್ತೀನಿ" ಅಂತ ರೊಕ್ಕ ಕೈಗಿಟ್ರು. ಅಂದ್ರೆ ಒಂದು ವರ್ಷದ ಕಬ್ಬಿನ ಬೆವರು ನಮ್ಮ ಕೈಯಲ್ಲಿತ್ತು. ಹಾಸ್ಟೆಲ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡ ಹಾಗೆ ಇದನ್ನ ತಗೊಳ್ಳೋ ಹಾಗಿರಲಿಲ್ಲ.

ಸ್ವಲ್ಪ ಇತಿಹಾಸ ಬೇಕು, ಯಾಕಂದ್ರೆ ನಮ್ಮ ತಪ್ಪು ಅಲ್ಲಿಂದಲೇ ಶುರುವಾಗಿದ್ದು. ಜಾವಾ ಝೆಕೊಸ್ಲೊವಾಕಿಯಾದ ಕಂಪನಿ, 1929ರಲ್ಲಿ ಶುರುವಾದದ್ದು. ಯಾನೆಚೆಕ್ ಅನ್ನೋ ಮಾಲೀಕನ ಹೆಸರಿನ ಮೊದಲ ಅಕ್ಷರಗಳಿಗೆ ವಾಂಡರರ್ ಅನ್ನೋ ಜರ್ಮನ್ ಕಂಪನಿ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯ್ತು. ಇರಾನಿ ಕುಟುಂಬದವರು ಲೈಸೆನ್ಸ್ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಹಾಕಿದ್ರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನ ಉದ್ಘಾಟಿಸಿದ್ರು. 1961ರಿಂದ ಜಾವಾ ಹೆಸರಲ್ಲೇ ಗಾಡಿ ಬಂತು. 1970ರ ದಶಕದ ಮೊದಲ ಭಾಗದಲ್ಲಿ ಹೆಸರು ಯೆಜ್ಡಿ ಆಯ್ತು. ಇರಾನಿನ ಯಜ್ದ್ ಊರಿನಿಂದ ಬಂದ ಹೆಸರು ಅದು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. (2018ರಲ್ಲಿ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿ ಬೇರೆ ಕಂಪನಿಯವು, ಫೋರ್ ಸ್ಟ್ರೋಕ್. ಅವಕ್ಕೂ ಈ ಪಾಠಕ್ಕೂ ಸಂಬಂಧ ಇಲ್ಲ.)

ಹೆಸರು ಬದಲಾದ್ರೂ ಇಂಜಿನ್‌ನ ಮೂಲ ಅಳತೆ ಬದಲಾಗಲಿಲ್ಲ. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಲೆಕ್ಕ ಹಾಕಿ ನೋಡಿ: ಪೈ ಬಾಗಿಸು ನಾಲ್ಕು, ಇಂಟು 6.5ರ ವರ್ಗ, ಇಂಟು 7.5. ಸುಮಾರು 248.9 ಸಿಸಿ ಬರುತ್ತೆ. ಫಸ್ಟ್ ಇಯರ್‌ನಲ್ಲಿ ಬಾಯಿಪಾಠ ಮಾಡಿದ್ದ ಫಾರ್ಮುಲಾ ಮೊದಲ ಸಲ ಕೆಲಸಕ್ಕೆ ಬಂದಿದ್ದು ಇಲ್ಲಿ. ಒಂದು ಗಾಡಿಯ ಪಾರ್ಟು ಇನ್ನೊಂದಕ್ಕೆ ಕೂರುತ್ತೆ, ಆದ್ದರಿಂದ ಐವತ್ತು ವರ್ಷದಲ್ಲಿ ಯಾವ ಗಾಡಿಗೆ ಯಾವುದರ ಇಂಜಿನ್ ಹೋಗಿದೆಯೋ ದೇವರೇ ಬಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಜಾವಾ ಇದ್ದದ್ದು ಹಾರೂಗೇರಿ ಕಡೆಯ ಒಂದು ಮನೆಯಲ್ಲಿ. ಕೆಂಪು-ಕಪ್ಪು ಬಣ್ಣ, ಕ್ರೋಮ್‌ನಲ್ಲಿ ನಮ್ಮ ಮುಖ ಕಾಣ್ತಿತ್ತು. ಮಾಲಕರು 95,000 ಹೇಳಿ 85,000ಕ್ಕೆ ಬಂದ್ರು. "ಐವತ್ತು ವರ್ಷ ದಾಟೇತ್ರಿ, ವಿಂಟೇಜ್ ನಂಬರ್ ಸಿಗತೈತಿ, ನಾಳೆ ಎರಡು ಲಕ್ಷ ಆಗತೈತಿ" ಅಂದ್ರು. ಯೆಜ್ಡಿ ಇದ್ದದ್ದು ಕುಡಚಿ ಹತ್ತಿರ ತೋಟದ ಶೆಡ್ಡಿನಲ್ಲಿ, ಹೊಟ್ಟಿನ ಚೀಲಗಳ ಹಿಂದೆ. ಸೀಟಿನಲ್ಲಿ ಇಲಿ ಸಂಸಾರ. ಬೆಲೆ 48,000. ನಾಲ್ಕು ಜನರಲ್ಲಿ ಮೂವರು ಅವತ್ತೇ ಜಾವಾಕ್ಕೆ ಓಟು ಹಾಕಿದ್ವಿ. ಐದು ಸಾವಿರ ಸಾಲ ಮಾಡಿದ್ರಾಯ್ತು ಅಂತ.

ಅಜ್ಜ ಫೋಟೋ ನೋಡಿ ಒಂದೇ ಮಾತು ಕೇಳಿದ್ರು. "ದನದ ಸಂತ್ಯಾಗ ಬಣ್ಣಾ ನೋಡಿ ಎತ್ತ ತರತಾರೇನೋ ತಮ್ಮಾ? ಹಲ್ಲ ನೋಡಿದ್ರೇನು?"

ಹಾಗಾಗಿ ಹಲ್ಲು ನೋಡೋಕೆ ಹೊರಟ್ವಿ. ಜೊತೆಗೆ ನಮ್ಮೂರ ಗ್ಯಾರೇಜಿನ ಮಾಮಾನ ಕರ್ಕೊಂಡು ಹೋದ್ವಿ.

ಹಳೆ ಗಾಡಿಯ ಹಲ್ಲು ಅಂದ್ರೆ ನಂಬರು. ಚಾಸಿ ನಂಬರ್ ಹ್ಯಾಂಡಲ್ ಕೆಳಗಿನ ಪೈಪಿನ ಹತ್ರ ಹೊಡೆದಿರುತ್ತೆ, ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲೆ. ಬಣ್ಣ ಮುಚ್ಚಿದ್ರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೇಲೆ ಬಳಪ ಉಜ್ಜಿ, ಅಕ್ಷರ ಎದ್ದು ಕಾಣುತ್ತೆ. ಎಮರಿ ಪೇಪರ್ ಹಾಕಬೇಡಿ, ನಂಬರ್ ಅಳಿಸಿದವರು ನೀವೇ ಅಂತಾಗುತ್ತೆ. ಆಮೇಲೆ ಆರ್‌ಸಿ ಪುಸ್ತಕ ಹಿಡಿದು ಒಂದೊಂದೇ ಅಂಕಿ ಜೋರಾಗಿ ಓದಿ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಮನೆಗೆ ಹೋಗಿ ನೋಡ್ತೀವಿ ಅನ್ನಬೇಡಿ, ನಾವು ಮೊದಲ ಸಲ ಹಾಗೇ ಮಾಡಿ 3 ಯಾವುದು 8 ಯಾವುದು ಗೊತ್ತಾಗದೆ ಮತ್ತೆ ಹೋಗಬೇಕಾಯ್ತು.

ಜಾವಾದ ಚಾಸಿ ನಂಬರ್ ಸರಿ ಇತ್ತು. ಇಂಜಿನ್ ನಂಬರ್ ಆರ್‌ಸಿಯಲ್ಲಿದ್ದದ್ದಲ್ಲ. ಇಂಜಿನ್‌ನ ಪಕ್ಕದ ಕವರ್ ಮೇಲೆ ಜಾವಾ ಅಂತಲೇ ಇತ್ತು, ಆದ್ರೆ ಕವರ್ ಬಿಚ್ಚೋಕೆ ಒಂದು ಸ್ಕ್ರೂ ಡ್ರೈವರ್ ಸಾಕು. ಮಾಲಕರಿಗೆ ಕೇಳಿದ್ರೆ, "ಎಲ್ಲಾ ಒಂದ ಫ್ಯಾಕ್ಟರಿ ಮಾಲಲ್ರೀ, ಏನ ಫರಕ್ ಬರತೈತಿ?" ಅಂದ್ರು. ಅವರು ಮೋಸ ಮಾಡ್ತಿದ್ರು ಅಂತ ನಮಗೆ ಅನ್ನಿಸಲಿಲ್ಲ. ಅವರೂ ಹತ್ತು ವರ್ಷದ ಹಿಂದೆ ಬಣ್ಣ ನೋಡಿ ತಗೊಂಡವರೇ. ಓಡಿಸೋರಿಗೆ ಫರಕ್ ಇಲ್ಲ ಅನ್ನೋದೂ ನಿಜ. ಕಾಗದಕ್ಕೆ ಮಾತ್ರ ದೊಡ್ಡ ಫರಕ್ ಇದೆ.

ಇಲ್ಲಿ ನಾವು ಕಾನೂನು ಓದಿದ್ವಿ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ಗಾಡಿಗೆ 'ವಿಎ' ಅನ್ನೋ ಅಕ್ಷರಗಳಿರೋ ವಿಂಟೇಜ್ ನಂಬರ್ ಸಿಗುತ್ತೆ, ಹೊಸ ನೋಂದಣಿಗೆ 20,000 ಶುಲ್ಕ, ಹತ್ತು ವರ್ಷ ಚಾಲ್ತಿ. ಆದ್ರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಇನ್ನೊಂದು ವಿಷಯ ಮಾಲಕರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ವಿಂಟೇಜ್ ನಂಬರಿನ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ರಾಯಬಾಗದಿಂದ ಚಿಕ್ಕೋಡಿಗೆ ಕ್ಲಾಸಿಗೆ ಹೋಗೋದು ಆ ಪಟ್ಟಿಯಲ್ಲಿ ಇಲ್ಲ.

ಈ ಹಂತದಲ್ಲಿ ನಮ್ಮ ಸೀನಿಯರ್ ಒಬ್ಬರು ಫೋನ್‌ನಲ್ಲಿ, "ಅದನ್ನ ತಗೊಂಡು ಕತ್ತರಿಸಿ ಹಾಟ್ ರಾಡ್ ಮಾಡ್ರೋ" ಅಂದ್ರು. ಅಮೆರಿಕದಲ್ಲಿ 1932ರ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು, ಇಂಜಿನ್ ದೊಡ್ಡದು ಮಾಡಿ ಓಡಿಸ್ತಿದ್ದ ಹುಡುಗರ ಚಟ ಅದು. ನೋಡೋಕೆ ನಮಗೂ ಇಷ್ಟ. ನಮ್ಮ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಮಾತ್ರ ಬೇರೆ ಹೇಳುತ್ತೆ. ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗಿ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಸೀನಿಯರ್ ಸಲಹೆ ಅಲ್ಲಿಗೆ ಮುಗೀತು.

ಈಗ ಇಂಜಿನ್. ಇದು ನಮಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆಗುತ್ತೆ.

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಒಂದು ಪಂಪ್ ಇದ್ದ ಹಾಗೆ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತ ಉಂಟಾಗಿ ಕಾರ್ಬುರೇಟರ್‌ನಿಂದ ಗಾಳಿ-ಪೆಟ್ರೋಲ್ ಎಳ್ಕೊಳ್ಳುತ್ತೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತೆ. ಪಂಪ್ ಅಂದ ಮೇಲೆ ಎಲ್ಲೂ ಸೋರಬಾರದು. ಕ್ರ್ಯಾಂಕ್‌ನ ಎರಡೂ ತುದಿಯಲ್ಲಿ ರಬ್ಬರ್ ಆಯಿಲ್ ಸೀಲ್ ಇರೋದು ಅದಕ್ಕೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರ್ ಒಣಗಿ ಕಲ್ಲಾಗಿರುತ್ತೆ.

ಯಾವ ಕಡೆ ಸೀಲ್ ಹೋಗಿದೆ ಅನ್ನೋದನ್ನ ಬಿಚ್ಚದೇ ತಿಳೀಬಹುದು. ಎಡಗಡೆ, ಅಂದ್ರೆ ಕ್ಲಚ್ ಕಡೆಯದು ಹರಿದಿದ್ರೆ, ಇಂಜಿನ್ ಗಿಯರ್ ಆಯಿಲನ್ನ ಒಳಗೆ ಎಳ್ಕೊಂಡು ಸುಡುತ್ತೆ. ದಟ್ಟ ಬಿಳಿ ಹೊಗೆ, ಬೇರೆ ಥರ ವಾಸನೆ, ಗಿಯರ್ ಆಯಿಲ್ ಮಟ್ಟ ಇಳೀತಾ ಹೋಗುತ್ತೆ. ಬಲಗಡೆ, ಡೈನಮೋ ಕಡೆಯದು ಹೋಗಿದ್ರೆ ಗಾಳಿ ಒಳಗೆ ನುಗ್ಗುತ್ತೆ. ಆಗ ಹೊಗೆ ಕಮ್ಮಿ, ನೋಡೋಕೆ ಚೆಂದ. ಆದ್ರೆ ಎಕ್ಸಲರೇಟರ್ ಬಿಟ್ಟ ಮೇಲೂ ಇಂಜಿನ್ ಸದ್ದು ಕೆಳಗೆ ಇಳಿಯೋಕೆ ತಡ ಮಾಡುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಅದರೊಟ್ಟಿಗೆ ಬರೋ ಆಯಿಲ್ಲೂ ಕಮ್ಮಿ. ಬಿಸಿಯೇರಿ ಕೊನೆಗೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಹೊಗೆ ಬಿಡೋ ಗಾಡಿಗಿಂತ ಹೊಗೆ ಬಿಡದ ಗಾಡಿಗೆ ಹೆದರಬೇಕು ಅಂತ ಮಾಮಾ ಹೇಳಿದಾಗ ನಾವು ನಕ್ಕಿದ್ವಿ. ಜಾವಾ ಸ್ಟಾರ್ಟ್ ಮಾಡಿದಾಗ ನಗು ನಿಂತಿತು. ಒಂದೇ ಕಿಕ್, ಹೊಗೆ ಇಲ್ಲ, ಆದ್ರೆ ಎಕ್ಸಲರೇಟರ್ ಬಿಟ್ಟಾಗ ಸದ್ದು ಮೇಲೇ ತೂಗಾಡ್ತಾ ಉಳೀತು.

ಇನ್ನೊಂದು: ಹೋಗೋ ಮುಂಚೆ ಫೋನ್ ಮಾಡಿ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಯಾರೋ ಆಗಲೇ ಕಷ್ಟಪಟ್ಟಿದ್ದಾರೆ ಅಂತ ಅರ್ಥ. ಸ್ಟಾರ್ಟ್ ಆದ ಮೇಲೆ ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡೀರಿ. ಈ ಇಂಜಿನ್‌ಗೆ ಸಿಲಿಂಡರ್ ಒಂದೇ ಆದ್ರೂ ಹೊಗೆ ಹೋಗೋ ದಾರಿ ಎರಡು. ಒಂದು ಕಡೆ ಒತ್ತಡ ಕಮ್ಮಿ ಇದ್ರೆ ಆ ಕಡೆ ಮಸಿ ಕಟ್ಟಿದೆ. ಇದು ದೊಡ್ಡ ರೋಗ ಅಲ್ಲ, ಬೆಲೆ ಇಳಿಸೋಕೆ ಒಳ್ಳೆ ಮಾತು ಅಷ್ಟೇ.

ಯೆಜ್ಡಿ ಮೊದಲ ದಿನ ಸ್ಟಾರ್ಟೇ ಆಗಲಿಲ್ಲ. ಪ್ಲಗ್ ಬಿಚ್ಚಿ, ಸ್ವಲ್ಪ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸಿದಾಗ ಪಿಸ್ಟನ್ ಆಡ್ತಿತ್ತು, ಹಿಡ್ಕೊಂಡಿರಲಿಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇದರಲ್ಲಿ 1409 ಇತ್ತು, ಅಂದ್ರೆ 2009ರ ಹದಿನಾಲ್ಕನೇ ವಾರ. ಎರಡನೇ ದಿನ ಹೊಸ ಪ್ಲಗ್, ಬಾಟಲಿಯಿಂದ ಪೆಟ್ರೋಲ್, ಲೀಟರಿಗೆ 40 ಮಿ.ಲೀ. ಲೆಕ್ಕದಲ್ಲಿ ಟೂಟಿ ಆಯಿಲ್. ಹದಿನೇಳನೇ ಕಿಕ್ಕಿಗೆ ಎದ್ದಿತು. ಶೆಡ್ಡು ತುಂಬ ಬಿಳಿ ಹೊಗೆ, ಕೋಳಿಗಳೆಲ್ಲ ಹೊರಗೆ. ಎಡಗಡೆ ಸೀಲ್ ಹೋಗಿದೆ ಅಂತ ನಾವೇ ಹೇಳಿದ್ವಿ, ಮಾಮಾ ತಲೆಯಾಡಿಸಿದ್ರು. ನಿಜ ಹೇಳ್ಬೇಕಂದ್ರೆ ವೈವಾದಲ್ಲಿ ಸರಿ ಉತ್ತರ ಹೇಳಿದಾಗಲೂ ಅಷ್ಟು ಖುಷಿ ಆಗಿರಲಿಲ್ಲ.

ಅದರ ನಂಬರ್‌ಗಳೆರಡೂ ಆರ್‌ಸಿಗೆ ಸರಿಯಾಗಿ ಹೊಂದಿದ್ವು. ಆದ್ರೆ ಅದಕ್ಕೂ ಒಂದು ಗಂಟು ಇತ್ತು. ಗಾಡಿ ಕೊಲ್ಹಾಪುರದಲ್ಲಿ ನೋಂದಣಿ ಆದದ್ದು. ಗಡಿಯಲ್ಲಿರೋ ನಮಗೆ ಇದು ಹೊಸದಲ್ಲ, ಅರ್ಧ ನೆಂಟರು ಆ ಕಡೆ, ಅರ್ಧ ಗಾಡಿಗಳೂ ಆ ಕಡೆಯವು. ಕಾಯ್ದೆ ಪ್ರಕಾರ ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇದರದ್ದು ಮುಗಿದು ಬಹಳ ದಿನ ಆಗಿತ್ತು. ಬೇರೆ ರಾಜ್ಯದ್ದಾದ್ರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತರಬೇಕು, ಮಾರಿದವರು ಫಾರ್ಮ್ 29, ಕೊಂಡವರು ಫಾರ್ಮ್ 30 ಕೊಡಬೇಕು, ಆಮೇಲೆ ಚಿಕ್ಕೋಡಿ ಆರ್‌ಟಿಒದಲ್ಲಿ ತಪಾಸಣೆ, ತೆರಿಗೆ, ಕೆಎ 23 ನಂಬರ್. ಹಳೆ ಪುಸ್ತಕದ ಆರ್‌ಸಿಗಳು ಎಷ್ಟೋ ಸಲ ಕಂಪ್ಯೂಟರ್‌ನಲ್ಲಿ ಇರೋದೇ ಇಲ್ಲ, ಮೊದಲು ಅದನ್ನ ಏರಿಸಬೇಕು. ಮುಖ್ಯವಾಗಿ, ಆರ್‌ಸಿಯಲ್ಲಿ ಹೆಸರಿರೋ ಮನುಷ್ಯ ಬದುಕಿದ್ದು ಸಹಿ ಹಾಕೋಕೆ ಸಿಗಬೇಕು. ಇದರ ಮಾಲೀಕರು ಸಿಕ್ಕಿದ್ರು, ವಯಸ್ಸು ಎಪ್ಪತ್ತರ ಮೇಲೆ, ನಮ್ಮೆದುರೇ ಎರಡೂ ಫಾರ್ಮ್‌ಗೆ ಸಹಿ ಹಾಕಿಕೊಟ್ರು. ನಮ್ಮ ನಿರ್ಧಾರ ತಿರುಗಿದ್ದು ಆ ಸಹಿಯಿಂದ.

ರಾತ್ರಿ ಕೂತು ಲೆಕ್ಕ ಹಾಕಿದ್ವಿ. ಯೆಜ್ಡಿ 48,000. ಕ್ರ್ಯಾಂಕ್ ಕೆಲಸ, ಸೀಲು, ರೀಬೋರ್ ಸೇರಿ ಮಾಮಾ ಹೇಳಿದ್ದು 11,500. ಟೈರ್ ಟ್ಯೂಬ್ 4,200. ಟ್ಯಾಂಕಿನ ತುಕ್ಕು, ವೈರಿಂಗ್ 3,800. ಒಟ್ಟು 67,500. ಕಾಗದಕ್ಕೆ ಅಂತ 12,500 ಉಳೀತು. ಜಾವಾಕ್ಕೆ 85,000 ಕೊಟ್ರೆ ಸಾಲದ ಮೇಲೆ ಸೀಲಿನ ಕೆಲಸ, ಅದರ ಮೇಲೆ ಯಾರ ಇಂಜಿನ್ನೋ ಗೊತ್ತಿಲ್ಲದ ನಂಬರ್. ಆ ಇಂಜಿನ್ ಎಲ್ಲಿಂದ ಬಂತು ಅಂತ ಬಿಲ್ಲು, ಕಾಗದ ಏನೂ ಇಲ್ಲ. ಕಳವಿನ ಗಾಡಿದಾಗಿದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗೋದು ಅಜ್ಜನ ಹೆಸರು. ಜಾವಾದ ಪರ ಕಡೇತನಕ ಇದ್ದ ಗೆಳೆಯ ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಅವನ ದುಃಖವೂ ಸುಳ್ಳಲ್ಲ. ಅಜ್ಜ ಕೇಳಿದ್ದು ಜಾವಾ, ನಾವು ತರ್ತಿರೋದು ಯೆಜ್ಡಿ.

ಅಜ್ಜನಿಗೆ ಹೆದರ್ತಾ ಹೇಳಿದ್ವಿ. ಅವರು, "ಕಾಗದಾ ಸರೀ ಇದ್ದದ್ದ ತರ್ರಿ" ಅಂದು ಊಟಕ್ಕೆ ಎದ್ರು.

ಯೆಜ್ಡಿ ಈಗ ಅವರ ಮನೆಯ ಮುಂದಿನ ಪಡಸಾಲೆಯಲ್ಲಿದೆ. ಇಂಜಿನ್ ಕೆಲಸ ಮುಗಿದಿದೆ, 12,500ರಲ್ಲಿ 5,000 ಖರ್ಚಾಗಿದೆ. ಎನ್‌ಒಸಿ ಇನ್ನೂ ಬಂದಿಲ್ಲ, ಆದ್ದರಿಂದ ರಸ್ತೆಗೆ ಇಳಿಸಿಲ್ಲ. ಭಾನುವಾರ ಮುಂಜಾನೆ ನಾವು ಹೋದಾಗ ಕಿಕ್ ಹೊಡೀತೀವಿ, ಮೂರನೇ ಕಿಕ್ಕಿಗೆ ಎದ್ದೇಳುತ್ತೆ. ಅಜ್ಜ ಹೊರಸಿನ ಮೇಲೆ ಕೂತು ಕೇಳ್ತಾರೆ. ಹೋದ ವಾರ, "ಎಡಗಡೆ ಸೈಲೆನ್ಸರ್ ಸಪ್ಪಳ ಸ್ವಲ್ಪ ದಪ್ಪ ಬರಾಕತ್ತೈತಿ, ಬಿಚ್ಚಿ ನೋಡ್ರಿ" ಅಂದ್ರು. ಬಿಚ್ಚಿ ನೋಡಿದ್ವಿ. ಒಳಗೆ ಮಸಿ ಕಟ್ಟಿತ್ತು.