ನಕಾಶೆಯ ದಾರಿ ನೆಲದ ಮೇಲೂ ಇರಲಿ

ತಮ್ಮಾ, ತಂಗಿ, ನಿಮ್ಮೂರಿನ ಗ್ರಾಮ ನಕಾಶೆಯನ್ನು ಒಮ್ಮೆಯಾದರೂ ಬಿಡಿಸಿ ನೋಡಿದ್ದೀರಾ? ಭೂದಾಖಲೆಗಳ ಜಾಲತಾಣದಿಂದ ಮೊಬೈಲಿಗೇ ಇಳಿಸಿಕೊಳ್ಳಬಹುದು. ಸರ್ವೆ ನಂಬರುಗಳ ನಡುವೆ ಜೋಡಿ ಚುಕ್ಕೆಗೆರೆ ಇದ್ದರೆ ಅದು ಬಂಡಿದಾರಿ, ಒಂಟಿಯಿದ್ದರೆ ಕಾಲುದಾರಿ. ಆ ಗೆರೆ ಹಿಡಿದು ಹೊಲದ ಕಡೆ ನಡೆಯಿರಿ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಎಷ್ಟೋ ಊರುಗಳಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ತೊಗರಿ ಸಾಲು ಬರುತ್ತದೆ, ಇಲ್ಲವೆ ತಂತಿಬೇಲಿ.

ಯಾರೂ ಒಂದೇ ದಿನಕ್ಕೆ ದಾರಿ ನುಂಗುವುದಿಲ್ಲ. ಈ ವರ್ಷ ಒಂದು ಸಾಲು ಹೆಚ್ಚು ಹೊಡೆಯುತ್ತಾರೆ, ಬರುವ ವರ್ಷ ಇನ್ನೊಂದು. ಎತ್ತಿನ ಬಂಡಿ ಸರಾಗ ಹೋಗುತ್ತಿದ್ದಲ್ಲಿ ಒಬ್ಬಾಳು ನಡೆಯುವಷ್ಟು ಉಳಿಯುತ್ತದೆ, ಆಮೇಲೆ ಮುಳ್ಳು ಬೀಳುತ್ತದೆ. ಬೇಸಿಗೆಯಲ್ಲಿ ಇದರ ನೋವು ಗೊತ್ತಾಗುವುದಿಲ್ಲ. ಹೊಲ ಬರಿದಿರುತ್ತದೆ, ಎಲ್ಲಿಂದಾದರೂ ದಾಟಬಹುದು. ಮಳೆ ಬಿದ್ದು ಎರೆಮಣ್ಣು ಕಾಲು ಹಿಡಿಯತೊಡಗಿದಾಗ ಒಳಗಿನ ಹೊಲದವನ ಸಂಕಟ ಶುರುವಾಗುತ್ತದೆ. ಸೋಯಾ ರಾಶಿಯ ಯಂತ್ರ ಬರುವುದಿಲ್ಲ. ಕಡಿದ ಕಬ್ಬು ಹೊಲದಲ್ಲೇ ಒಣಗುತ್ತದೆ. ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು ಬುತ್ತಿ ಹೊತ್ತು ಊರು ಸುತ್ತಿ ಹೋಗಬೇಕು. ಕೊನೆಗೆ ಬೇಸತ್ತ ಬಡ ರೈತ, ದಾರಿ ಮುಚ್ಚಿದವನಿಗೇ, ಅವನು ಹೇಳಿದ ದರಕ್ಕೆ, ಹೊಲ ಮಾರುತ್ತಾನೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು.

ಇದನ್ನು ಇಬ್ಬರ ಜಗಳವೆಂದು ಬಿಡಬೇಡಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಕಲಮು ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳನ್ನೂ ಹೊಳೆ, ಹಳ್ಳ, ಕೆರೆ, ಸಮುದ್ರದ ತಳವನ್ನೂ ಒಟ್ಟಿಗೇ ಹೆಸರಿಸಿ ಸರ್ಕಾರದ ಸ್ವತ್ತು ಎನ್ನುತ್ತದೆ. ಕಾರವಾರದ ಕಡಲತಳಕ್ಕೆ ಬೇಲಿ ಹಾಕುವ ಹಕ್ಕು ಯಾರಿಗೂ ಇಲ್ಲದಂತೆ ಔರಾದಿನ ನಕಾಶೆ ದಾರಿಗೂ ಇಲ್ಲ. ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಗುಡ್ಡದಲ್ಲಿ 1932ರಲ್ಲಿ ನಡೆಯುವ ಹಕ್ಕಿಗಾಗಿ ನೂರಾರು ಯುವಕರು ನುಗ್ಗಿ ಹತ್ತಿದರು, ಐವರು ಜೈಲಿಗೆ ಹೋದರು. ಕಾಲುದಾರಿಗಳನ್ನೆಲ್ಲ ನಕಾಶೆಗೆ ಏರಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 1949ರಲ್ಲಿ. ನಮ್ಮ ಕೈಯಲ್ಲಿ ನಕಾಶೆ ಆಗಲೇ ಇದೆ. ಬಿಡಿಸಿ ನೋಡುವವರು ಬೇಕು.

ಮುಚ್ಚಿದ ದಾರಿಯ ವಿಷಯದಲ್ಲಿ ತಡ ಮಾಡಬೇಡಿ. ಹಕ್ಕಿನ ತಕರಾರಿನಿಂದ ಶಾಂತಿಭಂಗದ ಭಯವಿದ್ದರೆ ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯಾಗಿ ವಿಚಾರಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಮು ಅದು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ ಮೂರು ತಿಂಗಳೊಳಗೆ, ಹಂಗಾಮಿನ ದಾರಿಯಾದರೆ ಕಳೆದ ಹಂಗಾಮಿನಲ್ಲಿ, ನೀವು ಅದನ್ನು ಬಳಸಿರಬೇಕು. ‘ಹೋಗಲಿ ಬಿಡು, ಮುಂದಿನ ವರ್ಷ ನೋಡೋಣ’ ಎಂದವರ ಕೈಯಿಂದ ಈ ಬಾಗಿಲು ಜಾರುತ್ತದೆ. ಆದ್ದರಿಂದ ನಡೆಯುತ್ತಲೇ ಇರಿ. ಅಡ್ಡಿಯ ಫೋಟೊ ತೆಗೆಯಿರಿ, ಹಿರಿಯರ ಹೇಳಿಕೆ ಬರೆಸಿಕೊಳ್ಳಿ, ಅರ್ಜಿಗೆ ನಕಾಶೆಯ ಪ್ರತಿ ಹಚ್ಚಿ, ಸ್ವೀಕೃತಿ ಪಡೆಯಿರಿ. ನಕಾಶೆಯಲ್ಲಿಲ್ಲದ ರೂಢಿಯ ದಾರಿಯಾದರೆ ಕೆಲಸ ಕಠಿಣ. ಹಕ್ಕು ಗಟ್ಟಿಯಾಗಬೇಕಾದರೆ ಸಿವಿಲ್ ಕೋರ್ಟಿಗೇ ಹೋಗಬೇಕಾಗಬಹುದು. ಯಾವ ಕಾರಣಕ್ಕೂ ಕೊಡಲಿ, ಬಡಿಗೆ ಎತ್ತಬೇಡಿ. ಬಡಿಗೆ ಎತ್ತಿದ ದಿನ ದಾರಿಯ ಪ್ರಕರಣ ಹಿಂದೆ ಬಿದ್ದು ಹೊಡೆದಾಟದ ಪ್ರಕರಣ ಮುಂದೆ ಬರುತ್ತದೆ.

ಬೀದರ್ ನಗರದಲ್ಲಿ ಓದುವವರಿಗೂ ಒಂದು ಮಾತು. ಚೌಬಾರಾದಿಂದ ಮಹಮೂದ್ ಗವಾನ್ ಮದರಸಾ ದಾಟಿ ಕೋಟೆಯವರೆಗೆ ನಡೆದು ನೋಡಿ, ನಿಮ್ಮ ಅಜ್ಜಿ ಜೊತೆಗಿದ್ದಾಳೆ ಎಂದುಕೊಂಡು ನಡೆಯಿರಿ. ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿದೆ. ಆ ಹೆಸರಿನಲ್ಲಿ ತಳ್ಳುಗಾಡಿಯ ಬಡವರ ಮೇಲೆ ಮಾತ್ರ ಹರಿಹಾಯಬೇಡಿ; 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಿ ಕೊಡಬೇಕು ಎನ್ನುತ್ತದೆ. ಮೆಟ್ಟಿಲು ಮುಂದಕ್ಕೆ ಚಾಚಿದ ಅಂಗಡಿ, ಅಡ್ಡ ನಿಲ್ಲಿಸಿದ ಬೈಕು, ಇವುಗಳನ್ನೂ ಕೇಳಿ. ಆ ಬೈಕು ನಿಮ್ಮದೇ ಆಗಿದ್ದರೆ ಇವತ್ತೇ ತೆಗೆಯಿರಿ.

ಇನ್ನು ಮನೆಯೊಳಗಿನ ಕೆಲಸ. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಬಾವಿಯ ಪಾಳಿ, ಗಿಡಮರ ಎಲ್ಲ ಬರೆಸುತ್ತಾರೆ, ದಾರಿ ಮರೆಯುತ್ತಾರೆ. ಇವತ್ತು ಪ್ರೀತಿ ಇದೆ, ನಾಳೆ ಮಕ್ಕಳ ಕಾಲಕ್ಕೆ ಇರುತ್ತದೆಂಬ ಭರವಸೆ ಇಲ್ಲ. ಯಾವ ಬದುವಿನ ಗುಂಟ, ಎಷ್ಟು ಅಡಿ ಅಗಲ, ಟ್ರ್ಯಾಕ್ಟರ್ ಹೋಗಬಹುದೋ ಇಲ್ಲವೋ, ಹಿಸ್ಸೆ ಪತ್ರದಲ್ಲೇ ಬರೆಸಿ. ಹೊಲ ಕೊಳ್ಳುವಾಗ ಖರೀದಿ ಪತ್ರದಲ್ಲೂ ಬರೆಸಿ. ನಕಾಶೆ ಹಿಡಿದು ನಡೆದಾಗ ದಾರಿ ನುಂಗಿದ್ದು ನಿಮ್ಮ ಮನೆಯವರೇ ಎಂದು ಗೊತ್ತಾದರೆ ಅಪ್ಪನ ಮುಂದೆ ಕೂತು ಮಾತಾಡಿ, ಮಿರಗಾ ಮಳೆಯ ಬಿತ್ತನೆಗೆ ಮುಂಚೆ ಆ ಸಾಲು ಬಿಟ್ಟುಕೊಡಲು ಒಪ್ಪಿಸಿ.