ಹಳೆಯ ಕಾರು, ಜೀಪುಗಳಿಗೆ ತುಕ್ಕು: ಮನೆಯಲ್ಲೇ ಚಿಕಿತ್ಸೆ ಮತ್ತು ಮುಂಜಾಗ್ರತೆ

ಬಳ್ಳಾರಿಗೆ ಹತ್ತಿರದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಬೇಸಾಯಗಾರರು ಡೊಲರೈಟ್ ಕಲ್ಲನ್ನು ಒಡೆದು, ಉಜ್ಜಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಆ ಕಲ್ಲಿನ ಕೊಡಲಿಗಳಿಗೆ ತುಕ್ಕಿನ ಭಯವಿರಲಿಲ್ಲ. ಸಾವಿರಾರು ವರ್ಷಗಳ ನಂತರವೂ ಅವು ಮಣ್ಣಿನಲ್ಲಿ ಸಿಗುತ್ತವೆ. ಇಂದು ಅದೇ ಊರಿನ ಅಂಗಳದಲ್ಲಿ ನಿಂತಿರುವ ಕಾರು ಇಲ್ಲವೆ ಜೀಪಿನ ತಗಡು ನಾಲ್ಕೈದು ಮಳೆಗಾಲಗಳಲ್ಲೇ ತೂತು ಬೀಳಬಹುದು. ಅಂಬಾಸಡರ್ ಮತ್ತು ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲೇ ನಿಂತಿದೆ. ಇಂತಹ ಗಾಡಿಗಳ ತಗಡಿನ ಭಾಗಗಳು ಸುಲಭವಾಗಿ ಸಿಗುವುದಿಲ್ಲ. ಆದುದರಿಂದ ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನ. ಅದರ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ತುಕ್ಕು ಏಕೆ ಹಿಡಿಯುತ್ತದೆ?

ಸಂಡೂರಿನ ಕೆಂಪು ಗುಡ್ಡಗಳನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿನ ಅದಿರು ಎಂದರೆ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಕಾರ್ಖಾನೆಯ ಕುಲುಮೆಯಲ್ಲಿ ಕೋಕ್ ಉರಿಸಿ ಆ ಆಮ್ಲಜನಕವನ್ನು ಬೇರ್ಪಡಿಸಿದಾಗ ಕಬ್ಬಿಣ ದೊರೆಯುತ್ತದೆ. ನೀರು ಮತ್ತು ಗಾಳಿ ಎರಡೂ ಒಟ್ಟಿಗೆ ತಾಗಿದರೆ ಕಬ್ಬಿಣ ಮತ್ತೆ ಹಿಂದಿನ ಸ್ಥಿತಿಗೆ ತಿರುಗುತ್ತದೆ. ಇದೇ ತುಕ್ಕು, ನಮ್ಮ ಕಡೆ ಜಂಗು ಎಂದೂ ಕರೆಯುತ್ತಾರೆ. ನೀರಿನಲ್ಲಿ ಉಪ್ಪಿನ ಅಂಶವಿದ್ದರೆ ಈ ಕ್ರಿಯೆ ಬಹು ಬೇಗ ನಡೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಮೇಲಿನ ಬಣ್ಣವನ್ನು ಎಬ್ಬಿಸುತ್ತದೆ. ಹಾಗೆ ಎದ್ದ ಬಣ್ಣದ ಕೆಳಗೆ ನೀರು ನುಗ್ಗಿ ತುಕ್ಕು ಹರಡುತ್ತಾ ಹೋಗುತ್ತದೆ.

ನಮ್ಮ ಭಾಗದಲ್ಲಿ ಮುಖ್ಯ ಕಾರಣಗಳು

ಬಳ್ಳಾರಿ ಒಣ ಜಿಲ್ಲೆ, ಇಲ್ಲಿ ತುಕ್ಕು ಅಷ್ಟಾಗಿ ಬಾಧಿಸದು ಎಂಬ ನಂಬಿಕೆ ಇದೆ. ಇದು ಅರ್ಧ ಸತ್ಯ ಮಾತ್ರ.

1. ಎರೆಮಣ್ಣು: ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಜಿಗುಟು ಎರೆಮಣ್ಣು ಹೊರಗೆ ಒಣಗಿದಂತೆ ಕಂಡರೂ ಒಳಗೆ ಅನೇಕ ದಿನ ತೇವ ಹಿಡಿದಿರುತ್ತದೆ.

2. ಸವುಳು ನೀರು: ಸಿರುಗುಪ್ಪ, ಕುರುಗೋಡು ಕಡೆಯ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳು-ಜವುಳು ಭೂಮಿಗಳಿವೆ. ಇಂತಹ ಕಡೆಯ ಉಪ್ಪು ನೀರಿನಿಂದ ಗಾಡಿ ತೊಳೆದರೆ ಉಪ್ಪನ್ನು ನಾವೇ ಬಳಿದಂತಾಗುತ್ತದೆ.

3. ರಸಗೊಬ್ಬರ: ಕಾರಿನ ಡಿಕ್ಕಿಯಲ್ಲಿ ಗೊಬ್ಬರದ ಚೀಲ ಸಾಗಿಸುವುದು ವಾಡಿಕೆ. ಚೆಲ್ಲಿದ ಯೂರಿಯಾ, ಪೊಟ್ಯಾಷ್ ಗೊಬ್ಬರ ಗಾಳಿಯ ತೇವವನ್ನು ಹೀರಿ ತಗಡನ್ನು ತಿನ್ನುತ್ತದೆ. ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ವಿಶೇಷವಾಗಿ ಹಾನಿಕರ.

4. ದನದ ಕೊಟ್ಟಿಗೆ: ಗಂಜಲ ಮತ್ತು ತಿಪ್ಪೆಯ ಬಳಿ ನಿಲ್ಲಿಸಿದ ಗಾಡಿಗೆ ತೇವ, ಲವಣ ಎರಡೂ ತಗಲುತ್ತವೆ.

ಎಲ್ಲಿ, ಹೇಗೆ ಪರೀಕ್ಷಿಸಬೇಕು?

ಗಾಡಿಯನ್ನು ತೊಳೆದು ಒಣಗಿಸಿ ಹಗಲು ಬೆಳಕಿನಲ್ಲಿ ನೋಡಬೇಕು. ಬಾಗಿಲುಗಳ ಕೆಳ ಅಂಚು, ಮಡ್‌ಗಾರ್ಡಿನ ಒಳಭಾಗ, ಕಾಲಿಡುವ ತಗಡಿನ ಮೇಲೆ ಹಾಸಿದ ರಬ್ಬರ್ ಚಾಪೆಯ ಅಡಿ, ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ ಮತ್ತು ಬಾಗಿಲ ಕೆಳಗಿನ ಉದ್ದನೆಯ ಡಬ್ಬಿ ಪಟ್ಟಿ, ಇವು ಮುಖ್ಯ ಸ್ಥಳಗಳು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂದವಾದ ಸದ್ದು ಮಾಡುತ್ತದೆ. ತುಕ್ಕಿನಲ್ಲಿ ಮೂರು ಹಂತಗಳಿವೆ:

ಮೊದಲ ಹಂತ: ಮೇಲ್ಮೈ ಮಾತ್ರ ಕೆಂಪಾಗಿರುತ್ತದೆ. ಉಜ್ಜಿದರೆ ಹೊಳೆಯುವ ಲೋಹ ಕಾಣುತ್ತದೆ.
ಎರಡನೆಯ ಹಂತ: ಹೆಕ್ಕಳೆಗಳು ಏಳುತ್ತವೆ, ಗುಳಿಗಳು ಬಿದ್ದಿರುತ್ತವೆ.
ಮೂರನೆಯ ಹಂತ: ಒತ್ತಿದರೆ ತಗಡು ತಗ್ಗುತ್ತದೆ ಅಥವಾ ತೂತು ಬೀಳುತ್ತದೆ.

ಮೊದಲ ಎರಡು ಹಂತಗಳಿಗೆ ಮನೆಯಲ್ಲೇ ಚಿಕಿತ್ಸೆ ಸಾಧ್ಯ. ಮೂರನೆಯದು ವೆಲ್ಡಿಂಗ್ ಬಲ್ಲವರ ಕೆಲಸ.

ಚಿಕಿತ್ಸೆಯ ಕ್ರಮ

1. ಮಣ್ಣು, ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಸಿಹಿ ನೀರಿನಿಂದ ಜಾಲಿಸಿ ಪೂರ್ತಿ ಒಣಗಿಸಬೇಕು.

2. ಎದ್ದ ಬಣ್ಣವನ್ನು ಕೆರೆದು, ತಂತಿ ಬ್ರಷ್‌ನಿಂದ ಉಜ್ಜಬೇಕು. ನಂತರ 80 ನಂಬರಿನ, ಆಮೇಲೆ 180 ನಂಬರಿನ ಉಜ್ಜು ಕಾಗದ ಬಳಸಬೇಕು. ತುಕ್ಕಿನ ಕಲೆಗಿಂತ ಸುತ್ತಲೂ ಒಂದು ಅಂಗುಲ ಹೆಚ್ಚು ಜಾಗವನ್ನು ಕೆರೆಯಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ. ಆದುದರಿಂದ ಬಣ್ಣವನ್ನು ಒದ್ದೆ ಮಾಡಿ ಉಜ್ಜಬೇಕು, ಮೂಗು, ಕಣ್ಣುಗಳಿಗೆ ರಕ್ಷಣೆ ಇರಬೇಕು, ಮಕ್ಕಳನ್ನು ದೂರವಿಡಬೇಕು.

3. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ 'ರಸ್ಟ್ ಕನ್ವರ್ಟರ್' ದ್ರಾವಣವನ್ನು ಹಚ್ಚಬೇಕು. ಇದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಕೈಗವಸು ತೊಟ್ಟು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದರಲ್ಲಿ ಸೂಚಿಸಿದಂತೆ ತೊಳೆಯಬೇಕು ಅಥವಾ ಒರೆಸಬೇಕು.

4. ಒಣಗಿದ ಮೇಲೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತಡಮಾಡದೆ ಅದೇ ದಿನ ರೆಡ್ ಆಕ್ಸೈಡ್ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಬೇಕು. ಬರಿ ಲೋಹವನ್ನು ರಾತ್ರಿಯಿಡೀ ಬಿಟ್ಟರೆ ಇಬ್ಬನಿಗೆ ಮತ್ತೆ ತುಕ್ಕು ಏಳುತ್ತದೆ. ತೆಳುವಾಗಿ ಎರಡು ಸಲ ಹಚ್ಚುವುದು ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ಮೇಲು.

5. ಪ್ರೈಮರ್ ಚೆನ್ನಾಗಿ ಒಣಗಿದ ಮೇಲೆ 400 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ, ಎರಡು ಪದರ ಬಣ್ಣ ಹಚ್ಚಬೇಕು. ಪ್ರೈಮರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಮೇಲೆ ಬಣ್ಣ ಇರಲೇಬೇಕು.

ನಮ್ಮ ಬಿಸಿಲಿನಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೈ ಇಡಲಾರದಷ್ಟು ಕಾದ ತಗಡಿನ ಮೇಲೆ ಬಣ್ಣ ಹಚ್ಚಿದರೆ ಗುಳ್ಳೆ ಏಳುತ್ತದೆ. ಬೆಳಗಿನ ಇಬ್ಬನಿ ಆರಿದ ನಂತರ, ನೆರಳಿನಲ್ಲಿ ಈ ಕೆಲಸ ಮಾಡಬೇಕು.

ಸಣ್ಣ ಭಾಗಗಳಿಗೆ ಕಾಕಂಬಿ

ಹಿಂಜು, ಕೊಂಡಿ, ಬ್ರಾಕೆಟ್ ಮುಂತಾದ ಬಿಚ್ಚಲು ಬರುವ ಭಾಗಗಳನ್ನು 1 ಪಾಲು ಕಾಕಂಬಿಗೆ 9 ಪಾಲು ನೀರು ಬೆರೆಸಿದ ಪ್ಲಾಸ್ಟಿಕ್ ಬಕೆಟಿನಲ್ಲಿ ಒಂದೆರಡು ವಾರ ಮುಳುಗಿಸಿಡಬಹುದು. ತುಕ್ಕು ಕರಗಿ, ಉಜ್ಜಿದರೆ ಸುಲಭವಾಗಿ ಬಿಡುತ್ತದೆ. ಇದು ಹುಳಿತು ನಾರುವುದರಿಂದ ಮನೆಯಿಂದ ದೂರವಿಟ್ಟು, ದನಗಳು ಕುಡಿಯದಂತೆ ಮುಚ್ಚಬೇಕು. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಹಾಕಕೂಡದು. ಹೊರತೆಗೆದ ಕೂಡಲೇ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಬೇಕು.

ಮನೆಯಲ್ಲಿ ಮಾಡಕೂಡದ ಕೆಲಸಗಳು

ತೂತಿನ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿಯುವುದು ರೋಗವನ್ನು ಮುಚ್ಚಿಟ್ಟಂತೆ. ಅಂಬಾಸಡರ್, ಮಾರುತಿ 800 ಕಾರುಗಳಲ್ಲಿ ಜೀಪಿನಂತೆ ಬೇರೆ ಚಾಸಿ ಇಲ್ಲ. ಇಡೀ ಕವಚವೇ ಭಾರ ಹೊರುತ್ತದೆ. ಆದ್ದರಿಂದ ಬಾಗಿಲ ಕೆಳಗಿನ ಡಬ್ಬಿ ಪಟ್ಟಿ ತೂತಾದರೆ ಅದು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಅಲ್ಲಿ ಗಟ್ಟಿ ತಗಡಿನವರೆಗೆ ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಬೇಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಬೇಕು. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಹಾರುವಂತಿರಬಾರದು.

ಬ್ರೇಕಿನ ಉಕ್ಕಿನ ಕೊಳವೆಗಳಲ್ಲಿ ಹೆಕ್ಕಳೆ ಅಥವಾ ಗುಳಿ ಕಂಡರೆ ಉಜ್ಜಿ ಬಣ್ಣ ಹಚ್ಚಿ ಸುಮ್ಮನಾಗಕೂಡದು. ಜೋರಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲೇ ಅವು ಒಡೆಯುವ ಸಂಭವ ಹೆಚ್ಚು. ಬದಲಾಯಿಸುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬಾರದು. ಕಲ್ಲು, ಇಟ್ಟಿಗೆ ಅಥವಾ ಬರಿ ಜಾಕಿನ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಎಂದೂ ನುಸುಳಬಾರದು.

ಹಳೆಯ ಇಂಜಿನ್ ಎಣ್ಣೆಯನ್ನು ಗಾಡಿಯ ತಳಕ್ಕೆ ಬಳಿಯುವ ರೂಢಿಯೂ ಬೇಡ. ಅದು ರಬ್ಬರನ್ನು ಕೆಡಿಸುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ಚರ್ಮಕ್ಕೂ ಮಣ್ಣಿಗೂ ಹಾನಿ.

ಮುಂಜಾಗ್ರತೆಗಳು

• ಬಾಗಿಲುಗಳ ತಳದ ನೀರು ಬಸಿಯುವ ಕಿಂಡಿಗಳನ್ನು ವರ್ಷಕ್ಕೆರಡು ಸಲ ಕಡ್ಡಿಯಿಂದ ಬಿಡಿಸಿ.
• ಗೊಬ್ಬರದ ಚೀಲ ಸಾಗಿಸುವುದು ಅನಿವಾರ್ಯವಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಅದೇ ದಿನ ಡಿಕ್ಕಿಯನ್ನು ಗುಡಿಸಿ, ಒರೆಸಿ.
• ಬ್ಯಾಟರಿ ತಟ್ಟೆಯ ಮೇಲೆ ಆಮ್ಲ ಚೆಲ್ಲಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಿರಿ. ಆ ನೀರು ಬ್ಯಾಟರಿಯೊಳಗೆ ಹೋಗಬಾರದು.
• ಗಾಡಿಯನ್ನು ಮೈಗಂಟಿದ ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚಬೇಡಿ. ಗಾಳಿಯಾಡುವ ಚಪ್ಪರದ ಕೆಳಗೆ, ಒಣ ನೆಲದ ಮೇಲೆ ನಿಲ್ಲಿಸಿ.
• ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ಅದನ್ನು ತುಂಬಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯಬಹುದು. ಗಾಡಿಯನ್ನು ಆಗಾಗ ಓಡಿಸಿ.

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ನಡೆಯುತ್ತದೆ. ಬಳಿಕ ತಪಾಸಣೆಯಾಗಿ 5 ವರ್ಷಗಳಿಗೆ ನವೀಕರಿಸಬೇಕಾಗುತ್ತದೆ. ಆ ವೇಳೆಗೆ ಗಾಡಿಯ ಮೈ ಗಟ್ಟಿಯಿರಬೇಕಾದರೆ ಇಂದೇ ಗಮನ ಕೊಡಬೇಕು. ಸೆಪ್ಟೆಂಬರ್-ಅಕ್ಟೋಬರಿನ ಮಳೆ ಮುಗಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಗಾಡಿಯ ತಳವನ್ನು ತೊಳೆದು ನೋಡುವುದನ್ನು ರೂಢಿಸಿಕೊಳ್ಳಿರಿ. ಬೆಳೆಯಲ್ಲಿ ರೋಗದ ಮೊದಲ ಚುಕ್ಕೆ ಕಂಡಾಗ ಎಚ್ಚೆತ್ತುಕೊಳ್ಳುವ ಕೃಷಿಕರು ತಗಡಿನ ಮೇಲಿನ ಮೊದಲ ಚುಕ್ಕೆಗೂ ಅದೇ ಎಚ್ಚರ ವಹಿಸಿದರೆ, ಹಳೆಯ ಗಾಡಿ ಇನ್ನೂ ಅನೇಕ ವರ್ಷ ಮನೆಯ ಕೆಲಸಕ್ಕೆ ಒದಗುತ್ತದೆ.